ಬಾನೆಟ್ಟಿಗೆ ಹಚ್ಚಿದ ವಿಭೂತಿ

ಈ ಜಗತ್ತಿನಲ್ಲಿ ಯಾವುದೂ ಶಾಶ್ವತವಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಕಪ್ಪು ಕಾರಿನ ಮೇಲೆ ಒಣಗಿದ ಬೋರ್‌ವೆಲ್ ನೀರಿನ ಕಲೆಯನ್ನು ನೋಡಿರಲಿಲ್ಲ.

ನಾನು ನೋಡಿದ್ದೇನೆ. ನೋಡಿದ್ದೇನೆ ಎನ್ನುವುದಕ್ಕಿಂತ ಅದನ್ನು ಉಂಟುಮಾಡಿದವನೇ ನಾನು ಎಂದು ಒಪ್ಪಿಕೊಳ್ಳುವುದು ನ್ಯಾಯ. ಕೋರ್ಟಿನ ಕಡತಗಳ ಕೋಣೆಯಲ್ಲಿ ಧೂಳು ಕುಡಿದು ನಿವೃತ್ತನಾದವನಿಗೆ ಒಂದು ವಿಷಯ ಗೊತ್ತಿರುತ್ತದೆ: ತಪ್ಪೊಪ್ಪಿಗೆ ಮೊದಲ ಪುಟದಲ್ಲೇ ಇದ್ದರೆ ಉಳಿದ ಕಡತ ತೆಳ್ಳಗಾಗುತ್ತದೆ.

ಕಾರು ನನ್ನದಲ್ಲ, ಅಣ್ಣನದು. ಬನಶಂಕರಿ ಮೂರನೇ ಹಂತದಲ್ಲಿ, ಇಟ್ಟಮಡುವಿನ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ಕೆಳಗೆ ಅಣ್ಣ ಮತ್ತು ಅತ್ತಿಗೆ, ಮೇಲೆ ನಾವು. ಕೆಳಗೆ ಒಗ್ಗರಣೆ ಹಾಕಿದರೆ ಮೇಲೆ ಸೀನು ಬರುವಷ್ಟು ಅನ್ಯೋನ್ಯ ಸಂಸಾರ. ಅಣ್ಣನಿಗೆ ಎರಡನೇ ಹಂತದಲ್ಲಿ ಬಣ್ಣ ಮತ್ತು ಕಬ್ಬಿಣದ ಸಾಮಾನಿನ ಅಂಗಡಿ ಇತ್ತು. ಮೂವತ್ತು ಚಿಲ್ಲರೆ ವರ್ಷ ಅಲ್ಲಿ ಕುಳಿತು, ಯಾವ ಗೋಡೆಗೆ ಯಾವ ಬಣ್ಣ ನಿಲ್ಲುತ್ತದೆ, ಯಾವ ಬಣ್ಣ ಮೂರನೇ ಮಳೆಗಾಲಕ್ಕೆ ಕೈ ಕೊಡುತ್ತದೆ ಎಂದು ಬನಶಂಕರಿಯ ಅರ್ಧ ಜನಕ್ಕೆ ತೀರ್ಪು ಕೊಟ್ಟವನು. ಅಂಗಡಿ ಬಿಟ್ಟ ವರ್ಷ ಕಾರು ಕೊಂಡ. ಕಪ್ಪು ಬಣ್ಣದ್ದು.

ಮನೆಯಲ್ಲಿ ದೊಡ್ಡ ವಾದವಾಯಿತು. ಕಪ್ಪು ಶನಿಯ ಬಣ್ಣ ಎಂದರು ಅತ್ತಿಗೆ. ಬಿಸಿಲಿಗೆ ಒಳಗೆ ಕುಳಿತವರು ಕಡುಬಿನಂತೆ ಬೇಯುತ್ತಾರೆ ಎಂದು ನಾನು ಸೇರಿಸಿದೆ. ಎದುರುಮನೆಯ ಯಜಮಾನರು, ಈ ಊರು ಇನ್ನೂ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲಿಯೇ ಇರುವ ಮನೆತನದವರು, ಈಗ ಆ ಹೊಲದ ಮೇಲೆ ನಾಲ್ಕು ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟವರು, ತಮ್ಮ ಗೇಟಿನಿಂದಲೇ ತೀರ್ಪು ಹೇಳಿದರು: "ಬೆಂಗ್ಳೂರ್ ಧೂಳಿಗೆ ಕಪ್ಪು ಕಾರಾ ಸ್ವಾಮಿ? ದಿನಕ್ಕೆರಡು ಸಲ ಸ್ನಾನ ಮಾಡಿಸ್‌ಬೇಕಾಗ್ತದೆ. ಎಮ್ಮೆ ಸಾಕಿದ್ರೆ ಹಾಲಾದ್ರೂ ಸಿಗ್ತಿತ್ತು."

ಅಣ್ಣ ಎಲ್ಲರ ಮಾತನ್ನೂ ಕೇಳಿ, ಅಂಗಡಿಯ ಗಲ್ಲಾದ ಮೇಲೆ ಕೂರುತ್ತಿದ್ದ ಭಂಗಿಯಲ್ಲೇ ಕೂತು ಹೇಳಿದ: "ದಿನಾ ಅಂಗೈಲಿ ಇಟ್ಕೊಂಡು ಪೂಜೆ ಮಾಡೋ ಲಿಂಗ ಯಾವ ಬಣ್ಣನಪ್ಪಾ?"

ವಾದದಲ್ಲಿ ದೇವರನ್ನು ತರಬಾರದು ಎಂಬ ನಿಯಮ ಕೋರ್ಟಿನಲ್ಲಿದೆ, ಮನೆಯಲ್ಲಿಲ್ಲ.

ಹಾಗಂತ ಅಣ್ಣ ಮಾತಿಗಷ್ಟೇ ದೇವರನ್ನು ತಂದವನಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ, ಕೊರಳಲ್ಲಿ ಕಟ್ಟಿಕೊಂಡ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯ ಮೇಲಿಟ್ಟು, ಬಲಗೈಯ ಮೂರು ಬೆರಳಿನಲ್ಲಿ ತನ್ನ ಹಣೆಗೆ ವಿಭೂತಿ ಎಳೆದುಕೊಂಡು, ಲಿಂಗಕ್ಕೂ ಹಚ್ಚಿ, ಒಂದು ಪತ್ರೆ ಏರಿಸಿ, ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂರುವವನು. ಅದು ಆಗದೆ ಬಾಯಿಗೆ ಒಂದು ತೊಟ್ಟು ಕಾಫಿ ಇಲ್ಲ. ಜ್ವರ ಬಂದಾಗಲೂ, ಅಪ್ಪ ಹೋದ ದಿನವೂ ಇದು ತಪ್ಪಿದ್ದನ್ನು ನಾನು ಕಾಣೆ.

ಭಾನುವಾರ ಮಾತ್ರ ಎರಡು ಪೂಜೆ. ಎರಡನೆಯದು ಗೇಟಿನ ಹತ್ತಿರ. ಮಾಳಿಗೆಯಿಂದ ಡ್ರಮ್ಮಿಗೆ ಹಿಡಿದ ಮಳೆನೀರು ಎರಡು ಬಕೆಟ್ಟು, ಒಂದು ಸೋಪಿಗೆ, ಒಂದು ಬಟ್ಟೆ ಜಾಲಿಸಲು. ಆಮೇಲೆ ಮೆದುವಾದ ಬಟ್ಟೆಯಿಂದ ಒರೆಸಿ, ಡಬ್ಬಿಯ ವ್ಯಾಕ್ಸನ್ನು ಹಣೆಗೆ ಕುಂಕುಮ ಇಡುವಷ್ಟೇ ತೆಗೆದು, ಬಾನೆಟ್ಟಿನ ಮೇಲೆ ತೆಳ್ಳಗೆ ಹರಡಿ, ಅದು ಮಂಜು ಕಟ್ಟಿದಂತೆ ಆಗುವವರೆಗೆ ಕಾದು, ಮತ್ತೆ ಒರೆಸುವುದು. ಅತ್ತಿಗೆಯ ಸೆರಗು ಕಾರಿಗೆ ತಾಗಿದರೂ ಸಿಡುಕು. "ಬಟ್ಟೆಲಿ ಒಂದು ಕಾಳು ಮರಳಿದ್ರೆ ಸಾಕು ಕಣೋ, ಕಪ್ಪು ಯಾವ್ದನ್ನೂ ಮರೆಯಲ್ಲ" ಅನ್ನುತ್ತಿದ್ದ. ಈ ವಿಧಿಗಳಲ್ಲಿ ನನ್ನ ಪಾತ್ರ ಮೆಟ್ಟಿಲ ಮೇಲೆ ಕೂತು ಪೇಪರ್ ಓದುವುದು.

ಯುಗಾದಿ ಕಳೆದು ವಾರವಾಗಿತ್ತು. ಬೆಳಿಗ್ಗೆ ಅತ್ತಿಗೆ ಮೆಟ್ಟಿಲ ಬುಡದಿಂದ ಕೂಗಿದ ದನಿ ಕೇಳಿ ಇಳಿದು ಬಂದೆ. ಅಣ್ಣ ಪೂಜೆಯ ಮಣೆಯ ಪಕ್ಕದಲ್ಲಿ ಒರಗಿದ್ದ. ಬಾಯಿ ಒಂದು ಕಡೆಗೆ ಜಾರಿತ್ತು. ಲಿಂಗ ಎಡಗೈಯಲ್ಲೇ ಭದ್ರವಾಗಿತ್ತು. ಬಲಗೈ ಅವನದಲ್ಲವೇನೋ ಎಂಬಂತೆ ನೆಲದ ಮೇಲೆ ಬಿದ್ದಿತ್ತು.

ಆಸ್ಪತ್ರೆಯ ಕತೆ ಎಲ್ಲರ ಮನೆಯಲ್ಲೂ ಒಂದೇ, ಅದನ್ನು ಬಿಡುತ್ತೇನೆ. ಮೂರು ವಾರಕ್ಕೆ ಮನೆಗೆ ಬಂದ. ಕಾಲು ಮೆಲ್ಲಗೆ ಮಾತು ಕೇಳತೊಡಗಿತು. ಎಡಗೈಯಲ್ಲಿ ಕೋಲು ಹಿಡಿದು ಹಾಲಿನಿಂದ ಗೇಟಿನವರೆಗೆ ಬರುವಷ್ಟಾಯಿತು. ಮಾತು ನಮ್ಮ ರಸ್ತೆಯ ಕಾವೇರಿ ನಲ್ಲಿಯ ಹಾಗೆ, ಮೊದಲು ಬರೀ ಗಾಳಿ, ಆಮೇಲೆ ನಾಲ್ಕು ಹನಿ, ಕಾದರೆ ಒಂದು ಚೊಂಬು. ಬಲಗೈ ಮಾತ್ರ ಭುಜದಿಂದ ತೂಗುಹಾಕಿದ ಚೀಲದಂತೆ ಉಳಿಯಿತು. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು.

ಬೆಳಿಗ್ಗೆ ಅತ್ತಿಗೆ ಅವನ ಎಡಗೈಗೆ ಲಿಂಗ ಇಡುವರು. ವಿಭೂತಿ ಹಚ್ಚಬೇಕಾದ ಕೈ ತೊಡೆಯ ಮೇಲೆ ಮಲಗಿರುತ್ತಿತ್ತು. ಅತ್ತಿಗೆಯೇ ಅವನ ಹಣೆಗೆ ವಿಭೂತಿ ಎಳೆಯುವರು, ಲಿಂಗಕ್ಕೂ ಹಚ್ಚುವರು. ಆಗ ಅಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಭಕ್ತಿಯಿಂದಲ್ಲ. ಹಜಾಮತಿಗೆ ಕೂತವನು ಮುಚ್ಚಿಕೊಳ್ಳುವ ಹಾಗೆ. ಹತ್ತು ದಿನ ಹೀಗೆ ನಡೆದ ಮೇಲೆ ಒಂದು ಬೆಳಿಗ್ಗೆ ತಲೆ ಆಚೆಗೆ ತಿರುಗಿಸಿ, "ಬೇಡ" ಎಂದ. "ನನ್‌ ಕೈ... ಬರ್ಲಿ." ಅಂದಿನಿಂದ ಪೂಜೆಯಿಲ್ಲದೆ ಕಾಫಿ ಕುಡಿಯತೊಡಗಿದ. ಲೋಟವನ್ನು ಯಾರೂ ನೋಡದ ಕಡೆ ತಿರುಗಿ ಹಿಡಿಯುತ್ತಿದ್ದ. ಎಪ್ಪತ್ತರ ಹತ್ತಿರದ ಮನುಷ್ಯ ಸ್ವಂತ ಮನೆಯಲ್ಲಿ ಕದ್ದು ಕುಡಿದಂತೆ ಕಾಫಿ ಕುಡಿಯುವುದನ್ನು ನೋಡುವುದು ಸುಲಭವಲ್ಲ.

ಕೈಗೆ ವ್ಯಾಯಾಮ ಹೇಳಿಕೊಡಲು ವಾರಕ್ಕೆ ಮೂರು ದಿನ ಒಬ್ಬ ಹುಡುಗಿ ಬರುತ್ತಿದ್ದಳು. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದು, ಸ್ಕೂಟರಿನಲ್ಲಿ ದಕ್ಷಿಣ ಬೆಂಗಳೂರಿನ ಎಲ್ಲ ಬಿದ್ದ ಕೈಕಾಲುಗಳನ್ನು ಎತ್ತುತ್ತಾ ತಿರುಗುವವಳು. ಅವಳು ಊಟದ ಮೇಜಿನ ಮೇಲೆ ಒಂದು ಟವೆಲ್ ಹಾಸಿ, ಅದರ ಮೇಲೆ ಅಣ್ಣನ ಬಲಗೈ ಇಟ್ಟು ಹೇಳಿದಳು: "ಅಂಕಲ್, ಟೇಬಲ್ ಒರ್ಸೋ ಥರ ಮುಂದಕ್ಕೆ ತಳ್ಳಿ, ಹಿಂದಕ್ಕೆ ಎಳೀರಿ. ದಿನಾ ನೂರು ಸಲ."

ಅಣ್ಣ ಟವೆಲ್ ನೋಡಿದ. ಹುಡುಗಿಯನ್ನು ನೋಡಿದ. "ನಾನೇನ್... ಹೋಟ್ಲು... ಮಾಣೀನಾ?"

"ಮಾಣಿ ಅಲ್ಲ ಅಂಕಲ್, ಓನರ್ರೇ. ಓನರ್ ಒಂದಿನ ಒರೆಸ್ಬಾರ್ದಾ?"

ಒರೆಸಲಿಲ್ಲ. ಅವಳು ಕೈ ಹಿಡಿದು ತಳ್ಳಿದರೆ ತಳ್ಳಿಸಿಕೊಳ್ಳುವನು. ಬಿಟ್ಟರೆ ಅಲ್ಲೇ ಬಿಡುವನು. ಒಂದು ದಿನ ಅವಳು ಹೊರಗೆ ಹೆಲ್ಮೆಟ್ ಹಾಕಿಕೊಳ್ಳುತ್ತಾ ನನಗೂ ಅತ್ತಿಗೆಗೂ ತಗ್ಗಿದ ದನಿಯಲ್ಲಿ ಹೇಳಿದಳು: "ಮೊದಲ್ನೇ ಆರು ತಿಂಗ್ಳೇ ಮುಖ್ಯ ಆಂಟಿ. ಅಷ್ಟ್ರಲ್ಲಿ ಎಷ್ಟು ಬರುತ್ತೋ ಅಷ್ಟು. ಆಮೇಲೆ ಕೈ ಹಂಗೇ ಸೆಟ್ಲ್ ಆಗ್ಬಿಡುತ್ತೆ. ಇವ್ರು ಮಾಡ್ತಾನೇ ಇಲ್ಲ."

ಎರಡು ತಿಂಗಳು ಆಗಲೇ ಕಳೆದಿತ್ತು.

ಈ ನಡುವೆ ಕಾರು. ಹೊಂಗೆ ಮರದ ಹೂವು, ಎಲೆಯ ಅಂಟು, ಮೈನಾಗಳ ಸಹಿ, ಪಕ್ಕದ ಸೈಟಿನ ಸಿಮೆಂಟು ಧೂಳು ಎಲ್ಲ ಸೇರಿ ಅದು ಕಪ್ಪೋ ಬೂದಿಯೋ ತಿಳಿಯದ ಹಾಗಾಗಿತ್ತು. ಅಣ್ಣ ಹಾಲಿನ ಕಿಟಕಿಯಿಂದ ಅದನ್ನೇ ನೋಡುತ್ತಾ ಕೂತಿರುತ್ತಿದ್ದ. ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು: "ನೀವಾದ್ರೂ ಒಂದ್ಸಲ ತೊಳೀರಪ್ಪಾ. ಇವ್ರು ಅದನ್ನ ನೋಡಿ ನೋಡಿ ಇನ್ನೂ ಕುಗ್ತಿದಾರೆ."

ಜೂನಿನ ಒಂದು ಭಾನುವಾರ, ಅಣ್ಣ ಮಲಗಿದ್ದ ಹೊತ್ತು ನೋಡಿ ಕಾರ್ಯಕ್ಕಿಳಿದೆ. ಮಳೆನೀರಿನ ಡ್ರಮ್ಮು ಖಾಲಿಯಾಗಿತ್ತು. ಬೋರ್‌ವೆಲ್ಲಿನ ಪೈಪು ಹಿಡಿದು, ಸುಡುವ ಬಿಸಿಲಿನಲ್ಲಿ, ಆನೆಗೆ ಸ್ನಾನ ಮಾಡಿಸುವ ಉತ್ಸಾಹದಿಂದ ತೊಳೆದು, ಒರೆಸದೆ ಬಿಟ್ಟು ಕಾಫಿಗೆ ಹೋದೆ. ಹಿಂತಿರುಗಿ ಬಂದಾಗ ಬಾನೆಟ್ಟಿನ ತುಂಬ ಬಿಳಿ ಚುಕ್ಕೆ. ಸಾಲುಸಾಲಾಗಿ, ಯಾರೋ ರಂಗೋಲಿಗೆ ಚುಕ್ಕೆ ಇಟ್ಟು ಗೆರೆ ಎಳೆಯುವುದನ್ನು ಮರೆತು ಹೋದ ಹಾಗೆ. ಸೋಪು ಹಾಕಿದೆ, ಹೋಗಲಿಲ್ಲ. ನಿಂಬೆಹಣ್ಣು ತಿಕ್ಕಿದೆ, ಹೋಗಲಿಲ್ಲ.

ಆಗ ನನ್ನ ತಲೆಯಲ್ಲಿ ಒಂದು ಜ್ಞಾನೋದಯವಾಯಿತು. ನಮ್ಮಂಥ ಮನೆಗಳಲ್ಲಿ ಬೆಳ್ಳಿಯ ದೀಪ, ಬೆಳ್ಳಿಯ ಚೊಂಬು ಕಪ್ಪಾದರೆ ಅದಕ್ಕೆ ವಿಭೂತಿ ಹಾಕಿ ಉಜ್ಜುತ್ತಾರೆ. ಅವ್ವ ಹಾಗೆ ಮಾಡುತ್ತಿದ್ದಳು, ಅತ್ತಿಗೆ ಹಾಗೆ ಮಾಡುತ್ತಾರೆ, ನಾನೇ ಹುಡುಗನಾಗಿದ್ದಾಗ ಎಷ್ಟೋ ಕರಡಿಗೆಗಳನ್ನು ಹಾಗೆ ಬೆಳಗಿದ್ದೇನೆ. ನಾಲ್ಕು ತಲೆಮಾರಿನ ಸಾಕ್ಷಿ ಇರುವ ವಿಧಾನ. ಬೆಳ್ಳಿಗೆ ಒಳ್ಳೆಯದಾದದ್ದು ಬಣ್ಣಕ್ಕೆ ಕೆಟ್ಟದ್ದು ಹೇಗಾದೀತು? ದೇವರ ಗೂಡಿನಲ್ಲಿ ವಿಭೂತಿಯ ಉಂಡೆಗಳು ಒಣಗಿ ಕೂತಿದ್ದವು. ಬಳಸುವವನು ಬಳಸುವುದನ್ನು ಬಿಟ್ಟಿದ್ದ. ಒಂದನ್ನು ತಂದು ಪುಡಿ ಮಾಡಿ, ಒದ್ದೆ ಬಟ್ಟೆಗೆ ಹಾಕಿಕೊಂಡು, ಚೊಂಬು ಉಜ್ಜುವಂತೆ ಸುತ್ತಿ ಸುತ್ತಿ, ಭುಜ ನೋಯುವವರೆಗೆ ಬಾನೆಟ್ಟನ್ನು ಉಜ್ಜಿದೆ.

ಎದುರುಮನೆಯ ಯಜಮಾನರು ಹಲ್ಲುಕಡ್ಡಿ ಹಾಕಿಕೊಳ್ಳುತ್ತಾ ಗೇಟಿಗೆ ಬಂದರು. "ಏನ್ ಸ್ವಾಮಿ, ಕಾರಿಗೆ ದೀಕ್ಷೆ ಕೊಡ್ತಿದೀರಾ?"

"ಪಾಲಿಶ್ ಸಾರ್."

"ನಮ್ಮಪ್ಪನ್ ಎಮ್ಮೆ ಹಿಂಗೇ ಪಳಪಳ ಅಂತಿತ್ತು. ಅದಕ್ಕೆ ಯಾವ ಪಾಲಿಶೂ ಇರ್ಲಿಲ್ಲ, ಬರೀ ಹರಳೆಣ್ಣೆ."

ಒದ್ದೆ ಇರುವವರೆಗೆ ಬಾನೆಟ್ಟು ಕನ್ನಡಿಯಾಗಿತ್ತು. ನನ್ನ ಮುಖ ನನಗೇ ಗೌರವ ಹುಟ್ಟುವಂತೆ ಕಾಣುತ್ತಿತ್ತು. ನೀರು ಆರಿತು. ಯಜಮಾನರ ನಾಲ್ಕನೇ ಅಂತಸ್ತನ್ನು ಆಗಲೇ ದಾಟಿದ್ದ ಬಿಸಿಲು ನೇರ ಬಾನೆಟ್ಟಿನ ಮೇಲಿತ್ತು. ಬಿಳಿ ಚುಕ್ಕೆಗಳು ಹೋಗಿದ್ದವು ನಿಜ. ಅವುಗಳ ಜಾಗದಲ್ಲಿ, ಈ ತುದಿಯಿಂದ ಆ ತುದಿಯವರೆಗೆ, ಸಾವಿರಾರು ಕೂದಲೆಳೆಯ ಗೀರುಗಳು, ಸುತ್ತು ಸುತ್ತಾಗಿ, ಬಾನೆಟ್ಟಿನ ಮೇಲೆ ಒಂದು ದೊಡ್ಡ ಜೇಡ ರಾತ್ರಿಯಿಡೀ ನೇಯ್ದಂತೆ.

"ಹೋಯ್ತು" ಎಂದರು ಯಜಮಾನರು, ಬಹಳ ಮೃದುವಾಗಿ, ಸಾವಿನ ಮನೆಯಲ್ಲಿ ಹೇಳುವಂತೆ. ಮತ್ತೆ ಒಳಗೆ ಹೋಗಿಬಿಟ್ಟರು. ಸಾಕ್ಷಿಗಳೆಲ್ಲ ಹೀಗೆಯೇ.

ಹಿಂದೆ ಕೋಲಿನ ಸದ್ದು ಕೇಳಿಸಿತು. ಅಣ್ಣ ಬಾಗಿಲಿಂದ ಮೆಟ್ಟಿಲಿಳಿದು ಬರುತ್ತಿದ್ದ. ಹಿಡಿದುಕೊಳ್ಳಲು ಹೋದ ನನ್ನನ್ನು ಲೆಕ್ಕಕ್ಕಿಟ್ಟುಕೊಳ್ಳದೆ ಕಾರಿನವರೆಗೆ ಬಂದ. ಬಾಗಿ ನೋಡಿದ. ಒಂದು ಕಡೆಯಿಂದ ನೋಡಿದ, ತಲೆ ಓರೆ ಮಾಡಿ ಇನ್ನೊಂದು ಕಡೆಯಿಂದ ನೋಡಿದ. ಕೋರ್ಟಿನಲ್ಲಿ ಎಷ್ಟೋ ಪಂಚನಾಮೆಗಳನ್ನು ಓದಿದ್ದೇನೆ. ಅಷ್ಟು ದೀರ್ಘವಾದದ್ದು ಯಾವುದೂ ಇರಲಿಲ್ಲ.

"ಏನ್... ಹಾಕ್ದೆ?"

"ವಿಭೂತಿ."

ಅವನ ಗಂಟಲಲ್ಲಿ ಗಾಳಿ ಮಾತ್ರ ಬಂತು. ಬೈಗುಳ ಹುಡುಕುತ್ತಿದ್ದಾನೆ, ಸಿಗುತ್ತಿಲ್ಲ ಎಂದುಕೊಂಡೆ. ನನಗೆ ಅದೇ ದೊಡ್ಡ ಶಿಕ್ಷೆಯಾಯಿತು. ಚೆನ್ನಾಗಿ ಬೈದಿದ್ದರೆ ಹಗುರಾಗುತ್ತಿದ್ದೆ. "ಬೆಳ್ಳಿಗೆ ಹಾಕ್ತೀವಲ್ಲ ಅಂತ..." ಎಂದೆ.

"ಬೆಳ್ಳಿ" ಎಂದ ಅಣ್ಣ. ಅವನ ಸರಿಯಿದ್ದ ಅರ್ಧ ಬಾಯಿ ಅದುರಿತು. ನಗುತ್ತಿದ್ದಾನೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಯುಗಾದಿಯ ನಂತರ ಅದೇ ಮೊದಲು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಅತ್ತರೋ ನಾನು ತಿರುಗಿ ನೋಡಲಿಲ್ಲ.

ಅಣ್ಣ ಕೋಲನ್ನು ಕಾರಿಗೆ ಒರಗಿಸಿ ಎಡಗೈಯ ಉಗುರನ್ನು ಗೀರುಗಳ ಮೇಲೆ ಎಳೆದು ನೋಡಿದ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ಮೇಲೇ ಇದೆ" ಎಂದ. "ಹೋಗುತ್ತೆ. ಡಬ್ಬಿ... ತಾ."

ಬಿಸಿಲು ಇಳಿದ ಮೇಲೆ ಮೆಟ್ಟಿಲ ಕೆಳಗಿನ ಗೂಡಿನಿಂದ ಅವನ ಹಳೆಯ ಬಿಸ್ಕತ್ತಿನ ಡಬ್ಬಿ ತಂದೆ. ಗೀರು ತೆಗೆಯುವ ಕಾಂಪೌಂಡು, ಅದರ ಮೇಲೆ ಹಾಕುವ ನಯವಾದ ಪಾಲಿಶು, ಕೊನೆಗೆ ವ್ಯಾಕ್ಸು, ಬಟ್ಟೆಗಳು, ಅಂಗಡಿಯ ಕಾಲದ ಕಾಗದದ ಟೇಪು. ಟೇಪಿನಿಂದ ಬಾನೆಟ್ಟನ್ನು ಚೌಕ ಚೌಕವಾಗಿ ವಿಂಗಡಿಸಲು ಹೇಳಿದ. ಒಂದು ಚೌಕ ಮುಗಿಯದೆ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಕುರ್ಚಿಯಲ್ಲಿ ಕೂತು ನಿರ್ದೇಶನ ಶುರು ಮಾಡಿದ. ನಾನು ಬಟ್ಟೆಗೆ ಕಾಂಪೌಂಡು ಹಚ್ಚಿ ಉಜ್ಜಿದೆ.

"ಅಲ್ಲ."

ನಿಧಾನವಾಗಿ ಉಜ್ಜಿದೆ.

"ಅಲ್ಲ. ಸುತ್ತಬೇಡ. ಉದ್ದಕ್ಕೆ."

ಉದ್ದಕ್ಕೆ ಉಜ್ಜಿದೆ.

"ಅಯ್ಯೋ... ಅಲ್ಲ ಕಣೋ!" ಎಂದು ಎದ್ದೇ ಬಿಟ್ಟ. ಬಂದು ಎಡಗೈಯಿಂದ ಬಟ್ಟೆ ಕಿತ್ತುಕೊಂಡ. ಆದರೆ ಕೋಲು ಬಿಟ್ಟ ಮೇಲೆ ನಿಲ್ಲುವುದಕ್ಕೆ ಎಡಗೈ ಬೇಕು. ಮಡ್‌ಗಾರ್ಡನ್ನು ಹಿಡಿದುಕೊಂಡ. ಬಟ್ಟೆ ಬಾನೆಟ್ಟಿನ ಮೇಲೆ ಬಿತ್ತು. ಅಣ್ಣ ಬಟ್ಟೆಯನ್ನು ನೋಡುತ್ತಾ ನಿಂತ. ನಾನೂ ನೋಡಿದೆ. ಖಾಲಿ ಇದ್ದ ಕೈ ಒಂದೇ.

ನಾನು ಅವನ ಬಲಗೈಯನ್ನು ಎತ್ತಿ ಬಟ್ಟೆಯ ಮೇಲಿಟ್ಟೆ. ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಜಾರದಂತೆ ನನ್ನ ಕರವಸ್ತ್ರದಿಂದ ಸುತ್ತಿ ಕಟ್ಟಿದೆ. ಅಣ್ಣ ಉಸಿರು ಬಿಗಿಹಿಡಿದು ಭುಜದಿಂದ ತಳ್ಳಿದ. ಕೈ ಒಂದು ಗೇಣು ಮುಂದಕ್ಕೆ ಹೋಯಿತು. ಅಲ್ಲೇ ನಿಂತಿತು. ಹಿಂದಕ್ಕೆ ಎಳೆಯಲು ಅದಕ್ಕೆ ಗೊತ್ತಿರಲಿಲ್ಲ. ಅವನು ಮೈಯನ್ನೇ ಹಿಂದಕ್ಕೆ ವಾಲಿಸಿ ಎಳೆದುಕೊಂಡ. ಏಳು ಸಲ. ಎಂಟನೆಯದಕ್ಕೆ ಬೆವರು ಬಾನೆಟ್ಟಿನ ಮೇಲೆ ತೊಟ್ಟಿಕ್ಕಿತು, ಅವನಿಗೆ ಅದು ಕೋಪ ತರಿಸಿತು: "ಒರ್ಸು... ಉಪ್ಪು!"

ಮಾರನೆಯ ದಿನ ವ್ಯಾಯಾಮದ ಹುಡುಗಿ ಬಂದಾಗ ಅಣ್ಣ ಊಟದ ಮೇಜಿನ ಹತ್ತಿರ ಇರಲಿಲ್ಲ. ಗೇಟಿನೊಳಗೆ, ಒಂದು ಕೈಯಲ್ಲಿ ಮಡ್‌ಗಾರ್ಡ್ ಹಿಡಿದು, ಇನ್ನೊಂದರಿಂದ ಮೊದಲ ಚೌಕದಲ್ಲೇ ಇದ್ದ. ಅವಳು ಹೆಲ್ಮೆಟ್ ತೆಗೆಯುವುದನ್ನೂ ಮರೆತಳು.

"ಅಂಕಲ್! ಸಖತ್! ಇದೇ ಅಲ್ವಾ ನಾನ್ ಹೇಳಿದ ಎಕ್ಸರ್ಸೈಜು?"

"ಎಕ್ಸರ್ಸೈಜ್ ಅಲ್ಲ" ಎಂದ ಅಣ್ಣ, ತಲೆಯೆತ್ತದೆ. "ಪಾಲಿಶ್."

"ಆಯ್ತಪ್ಪ, ಪಾಲಿಶ್. ಮೊಣಕೈ ಸ್ವಲ್ಪ ಚಾಚಿ ಪಾಲಿಶ್ ಮಾಡಿ."

ಹಾಗೆ ಅದು ದಿನಚರಿಯಾಯಿತು. ಬಿಸಿಲು ನಾಲ್ಕನೇ ಅಂತಸ್ತನ್ನು ದಾಟುವುದರೊಳಗೆ ಮುಗಿಸಬೇಕು, ಏಕೆಂದರೆ ಕಾದ ಬಣ್ಣದ ಮೇಲೆ ಕಾಂಪೌಂಡು ಅಂಟಿಕೊಳ್ಳುತ್ತದೆ. ಕಟ್ಟುವುದು ನಾನು, ಬಿಚ್ಚುವುದು ನಾನು, ಉಳಿದ ಹೊತ್ತು ಹಿಂದೆ ನಿಂತು ಅವನ ಸೊಂಟದ ಹತ್ತಿರ ಕೈಯೊಡ್ಡಿಕೊಂಡಿರುವುದು. ಒಂದು ಚೌಕಕ್ಕೆ ಎರಡು ದಿನ, ಕೆಲವಕ್ಕೆ ಮೂರು. ಬೋರ್‌ವೆಲ್ ಪೈಪು ಮುಟ್ಟಬಾರದೆಂದು ನನಗೆ ನಿಷೇಧಾಜ್ಞೆಯಾಯಿತು.

ಎಲ್ಲ ದಿನವೂ ಒಳ್ಳೆಯವಲ್ಲ. ಮೂರನೇ ವಾರ ಅವನ ಕೈ ಬಾನೆಟ್ಟಿನ ಅಂಚಿನಿಂದ ಜಾರಿ, ಅದರ ಭಾರಕ್ಕೆ ಮೈಯೂ ವಾಲಿ, ನಾನು ಹಿಡಿದರೂ ಇಬ್ಬರೂ ನೆಲಕ್ಕೆ ಕೂತೆವು. ಮೊಣಕಾಲು ತರಚಿತು ಅಷ್ಟೆ. ಆದರೆ ಅತ್ತಿಗೆಯ ಮುಖ ಬಿಳುಚಿತ್ತು. "ಸಾಕು. ಕೈ ಬರ್ದಿದ್ರೆ ಬೇಡ, ಮನುಷ್ಯ ಇರ್ಲಿ ನಂಗೆ" ಎಂದು ಬಿಸ್ಕತ್ತಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ನಾಲ್ಕು ದಿನ ಯಾರೂ ಕಾರಿನ ಹೆಸರೆತ್ತಲಿಲ್ಲ. ಐದನೆಯ ಬೆಳಿಗ್ಗೆ ಪೇಪರಿಗೆಂದು ಕೆಳಗಿಳಿದೆ. ದೇವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಣ್ಣ ಮಣೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಎಡಗೈಯಲ್ಲಿ ಲಿಂಗ. ತೊಡೆಯ ಮೇಲಿನ ಬಲಗೈ ನಾಲ್ಕು ಬೆರಳಿನಷ್ಟು ಮೇಲೆದ್ದಿತು, ನಡುಗಿತು, ಬಿತ್ತು. ಮತ್ತೆ ಎದ್ದಿತು, ಬಿತ್ತು. ಸಹಾಯ ಮಾಡಬಹುದಾದ ಇನ್ನೊಂದು ಕೈ ಲಿಂಗವನ್ನು ಹಿಡಿದಿತ್ತು, ಅದನ್ನು ಬಿಡುವ ಹಾಗಿರಲಿಲ್ಲ. ಅವನು ಎಷ್ಟು ಹೊತ್ತಿನಿಂದ ಹೀಗೆ ಮಾಡುತ್ತಿದ್ದನೋ ತಿಳಿಯದು. ನನ್ನ ಹಿಂದೆ ಅತ್ತಿಗೆ ಬಂದು ನಿಂತಿದ್ದರು. ನಾನು ಪೇಪರ್ ತೆಗೆದುಕೊಳ್ಳದೆ ಮೇಲೆ ಹೋದೆ.

ಹತ್ತು ನಿಮಿಷಕ್ಕೆ ಅತ್ತಿಗೆ ಮೆಟ್ಟಿಲ ಬುಡದಿಂದ ಕರೆದರು. ಡಬ್ಬಿ ಮೆಟ್ಟಿಲ ಮೇಲಿತ್ತು. "ಬಿಸಿಲು ಬರೋಕ್ ಮುಂಚೆ ಮುಗಿಸ್ಕೊಳಿ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು. ಅಂದಿನಿಂದ ಅವನ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಹಿಂದೆ ನಾನು.

ಶ್ರಾವಣದ ಹೊತ್ತಿಗೆ ಬಟ್ಟೆಗೆ ಕರವಸ್ತ್ರ ಕಟ್ಟುವುದು ಬೇಕಾಗಲಿಲ್ಲ. ಬೆರಳುಗಳೇ ಹಿಡಿದುಕೊಂಡವು, ಬಿಡುವುದನ್ನು ಆಮೇಲೆ ಕಲಿತವು. ಒಂದು ದಿನ ಕೈ ಮೈಯ ಸಹಾಯವಿಲ್ಲದೆ ತಾನೇ ಹಿಂದಕ್ಕೆ ಬಂತು. ಅಣ್ಣ ನನ್ನ ಕಡೆ ನೋಡಿದ, ನಾನು ಎದುರುಮನೆಯ ಕಡೆ ನೋಡಿದೆ. ಯಜಮಾನರು ಅಲ್ಲೇ ಇದ್ದರು. "ಗುರುಗಳೇ, ನನ್ನ ಕಾರಿಗೂ ಸ್ವಲ್ಪ ನೋಡ್ತೀರಾ?" ಎಂದರು. "ಬಿಳಿ ಕಾರು..." ಎಂದ ಅಣ್ಣ, "ನಾನ್... ಮುಟ್ಟಲ್ಲ." ಯಜಮಾನರು ಅಷ್ಟು ಸಂತೋಷದಿಂದ ಅವಮಾನ ಮಾಡಿಸಿಕೊಂಡದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಗಣೇಶನ ಹಬ್ಬದ ಮುನ್ನಾ ದಿನ ಕೊನೆಯ ಚೌಕ ಮುಗಿಯಿತು. ಟೇಪು ಕಿತ್ತೆ. ಅಣ್ಣ ವ್ಯಾಕ್ಸನ್ನು ತನ್ನ ಕೈಯಿಂದಲೇ ಹರಡಿದ, ದಪ್ಪವಾಗಿ, ಅಲ್ಲಲ್ಲಿ ಗಡ್ಡೆಯಾಗಿ, ಅವನ ಹಳೆಯ ಕಾಲದಲ್ಲಾದರೆ ಬೇರೆಯವರ ಕೈ ಕತ್ತರಿಸಿಹಾಕುವಷ್ಟು ಕೆಟ್ಟದಾಗಿ. ಕಾದು, ಒರೆಸಿದೆವು. ಗೀರುಗಳಿರಲಿಲ್ಲ. ಹೊಂಗೆ ಮರದ ಒಂದೊಂದು ಎಲೆಯೂ ಬಾನೆಟ್ಟಿನೊಳಗೆ ತಲೆಕೆಳಗಾಗಿ ಅಲ್ಲಾಡುತ್ತಿತ್ತು. ನಾನು ಜಯಘೋಷಕ್ಕೆ ಸಿದ್ಧನಾಗಿ ಅಣ್ಣನ ಮುಖ ನೋಡಿದೆ. ಅವನು ಸಂತೋಷವಾಗಿರಲಿಲ್ಲ.

ಹಬ್ಬ ಕಳೆಯಿತು. ಮಾರನೆಯ ಬೆಳಿಗ್ಗೆ ಎಂದಿನ ಹೊತ್ತಿಗೆ ಬಂದು ಕುರ್ಚಿಯಲ್ಲಿ ಕೂತ. ಬಾನೆಟ್ಟಿನ ಮೇಲೆ ಮಾಡುವ ಕೆಲಸ ಏನೂ ಇರಲಿಲ್ಲ. ಬಣ್ಣದ ಮೇಲಿನ ಪದರ ಎಷ್ಟು ತೆಳ್ಳಗೆ ಇರುತ್ತದೆ, ಸುಮ್ಮನೆ ಉಜ್ಜುತ್ತಾ ಹೋದರೆ ಹೇಗೆ ಕೆಳಗಿನ ಬೂದು ಕಾಣುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಲಗೈಯನ್ನು ತೊಡೆಯಿಂದ ಎತ್ತಿದ. ಎದೆಯ ಕೆಳಗೆ, ಹೊಟ್ಟೆಯ ಮಟ್ಟಕ್ಕೆ ಬಂದು ನಿಂತಿತು. ಆರು ತಿಂಗಳಿಗೆ ಇನ್ನೂ ಐದು ವಾರ ಉಳಿದಿತ್ತು.

"ಊಟದ ಮೇಜು ಒರೆಸ್ತೀಯಾ?" ಎಂದು ಕೇಳಿದೆ.

ಅಣ್ಣ ಬೇಡವೆಂದು ತಲೆಯಾಡಿಸಿದ. ಬಹಳ ಹೊತ್ತು ಕಾರನ್ನೇ ನೋಡಿದ. ಆಮೇಲೆ, "ವಿಭೂತಿ... ತಾ" ಎಂದ.

ನನಗೆ ಎದೆ ತುಂಬಿ ಬಂತು. "ಹಣೆಗಾ?"

"ಡಿಕ್ಕಿಗೆ."

ನಾನು ತಿಳಿಯದವನಂತೆ ನಿಂತೆ. ತಿಳಿದಿತ್ತು. ಒಂದು ಕಾಳು ಮರಳಿಗೆ ವಾರಗಟ್ಟಲೆ ಕೊರಗುತ್ತಿದ್ದವನು, ಹಿಂಭಾಗದ ನಯವಾದ, ಯಾರೂ ಮುಟ್ಟದ ಬಣ್ಣವನ್ನು ನನ್ನ ಕೈಯಲ್ಲಿ ಕೆಡಿಸಲು ಹೇಳುತ್ತಿದ್ದ.

"ಆಗಲ್ಲ ಕಣಣ್ಣ. ಒಂದ್ಸಲ ತಪ್ಪಾಯ್ತು."

"ಹಾಕು. ಅವತ್ತಿನ... ಥರಾನೇ."

ಅತ್ತಿಗೆ ಬಾಗಿಲಲ್ಲಿ ಕೇಳಿಸಿಕೊಂಡಿದ್ದರು. "ಅಲ್ರೀ, ನನ್ನ ಸೆರಗು ತಾಗಿದ್ರೆ ಹಾರಾಡ್ತಿದ್ರಿ" ಎಂದರು. ಆದರೂ ಒಳಗೆ ಹೋಗಿ ವಿಭೂತಿಯ ಒಂದು ಹೊಸ ಉಂಡೆಯನ್ನು ತಂದು, ದೇವರ ಸಾಮಾನು ಕೊಡುವಂತೆ ಎರಡೂ ಕೈಯಲ್ಲಿ ನನಗೆ ಕೊಟ್ಟರು.

ನಾನು ಅದನ್ನು ಪುಡಿ ಮಾಡಿದೆ. ಬಟ್ಟೆ ಒದ್ದೆ ಮಾಡಿದೆ. ಮೊದಲ ಸಲ ಅರಿಯದೆ ಮಾಡಿದ್ದನ್ನು ಅರಿತು ಮಾಡುವುದಕ್ಕೆ ಹತ್ತು ಪಟ್ಟು ಬಲ ಬೇಕು. ಅಣ್ಣ ಕುರ್ಚಿಯನ್ನು ಹಿಂಭಾಗಕ್ಕೆ ಹಾಕಿಸಿಕೊಂಡು ಕಣ್ಣು ಮಿಟುಕಿಸದೆ ನೋಡಿದ. ನಾನು ಮೆಲ್ಲಗೆ ಉಜ್ಜಿದರೆ, "ಗಟ್ಟಿ" ಎನ್ನುತ್ತಿದ್ದ. ಗೀರುಗಳು ಎದ್ದಾಗ ಅವನ ಗಂಟಲಲ್ಲಿ ಒಂದು ಸಣ್ಣ ಸದ್ದು ಬಂತು, ಹಲ್ಲು ಕೀಳಿಸಿಕೊಳ್ಳುವವನ ಸದ್ದು. ಆಮೇಲೆ, "ಟೇಪು" ಎಂದ.

ಡಿಕ್ಕಿಯ ಮುಚ್ಚಳ ಬಾನೆಟ್ಟಿಗಿಂತ ಎತ್ತರ. ಅಲ್ಲಿ ಉಜ್ಜಬೇಕಾದರೆ ಕೈಯನ್ನು ಎದೆಯವರೆಗೆ ಎತ್ತಲೇಬೇಕು. ಇದನ್ನು ಅವನು ಮೊದಲೇ ಅಳೆದಿದ್ದನೋ ಏನೋ, ನಾನು ಕೇಳಲಿಲ್ಲ. ವ್ಯಾಯಾಮದ ಹುಡುಗಿ ಅದನ್ನು ನೋಡಿದ ದಿನ ತಮಾಷೆ ಮಾಡಲಿಲ್ಲ. ಗೀರುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಅಣ್ಣನ ಮೊಣಕೈಯ ಕೆಳಗೆ ತನ್ನ ಅಂಗೈ ಕೊಟ್ಟು, "ಇನ್ನೊಂಚೂರು ಮೇಲೆ, ಅಂಕಲ್" ಎಂದಳು.

ಆಯುಧಪೂಜೆಗೆ ನಮ್ಮ ರಸ್ತೆಯ ಕಾರುಗಳೆಲ್ಲ ಬಾಳೆಕಂದು, ಚೆಂಡುಹೂವು ಕಟ್ಟಿಕೊಂಡು ನಿಂತಾಗ ನಮ್ಮದರ ಹಿಂಭಾಗದಲ್ಲಿ ಟೇಪು ಇತ್ತು. ದೀಪಾವಳಿಗೆ ಟೇಪು ಕಿತ್ತೆವು. ಡಿಕ್ಕಿಯ ಎಡ ಅಂಚಿನಲ್ಲಿ ಬಣ್ಣ ಸವೆದು, ಒಂದು ರೂಪಾಯಿ ನಾಣ್ಯದಷ್ಟು ಬೂದು ಕಾಣುತ್ತದೆ. ಅಲ್ಲಿ ಅವನು ಒಂದು ದಿನ ಜಾಸ್ತಿ ಉಜ್ಜಿದ್ದ, ನಾನು ತಡೆಯಲಿಲ್ಲ.

ಅಣ್ಣನ ಬಲಗೈ ಈಗ ಎದೆಯವರೆಗೆ ಬರುತ್ತದೆ. ಅದಕ್ಕಿಂತ ಮೇಲೆ ಬರುವುದಿಲ್ಲ, ಬರಲಾರದು ಎಂದು ಡಾಕ್ಟರು ಹೇಳಿದ್ದಾರೆ. ಎಡಗೈಯಲ್ಲಿರುವ ಲಿಂಗಕ್ಕೆ ತಾನೇ ವಿಭೂತಿ ಹಚ್ಚುತ್ತಾನೆ. ಹಣೆಗೆ ಹಚ್ಚಿಕೊಳ್ಳುವಾಗ ತಲೆಯನ್ನು ಬೆರಳುಗಳ ಮಟ್ಟಕ್ಕೆ ಬಗ್ಗಿಸುತ್ತಾನೆ. ಕಾಫಿಯನ್ನು ಪೂಜೆಯಾದ ಮೇಲೆ ಕುಡಿಯುತ್ತಾನೆ.